ಉತ್ತರ ಆಮ್ಯಾಲೆ, ಮೊದಲು ಪ್ರಶ್ನೆ ಯಾರದು ಅಂತ ನೋಡ್ರಿ

ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಓದ್ರಿ. ಮನ್ಯಾಗ ಕಾಲೇಜಿಗೆ ಹೋಗೋ ಹುಡುಗ್ರು ಇದ್ರ ಅವರಿಗೂ ಓದಿಸ್ರಿ.

ನಮ್ಮ ರಾಜೂರಾಗ ಸಿಇಟಿ, ಸ್ಕಾಲರ್‌ಶಿಪ್, ಹಾಸ್ಟೆಲ್ ಅರ್ಜಿ ತುಂಬೋದಿದ್ರೆ ಕೇರಿಯ ಹುಡುಗರು ನನ್ನ ಹತ್ರ ಬರ್ತಾರೆ. ನಾನು ಆಫೀಸಿನಲ್ಲಿ ಗುಮಾಸ್ತ, ಫಾರಂ ತುಂಬೋದು ರೂಢಿ. ಈ ಸಲ ಒಬ್ಬ ಹುಡುಗ ಬಂದ. ಪಿಯುಸಿ ಸೈನ್ಸ್, ಜಾಣ. ಅವ್ವ-ಅಪ್ಪ ಇಬ್ಬರೂ ಕೂಲಿಗೆ ಹೋಗ್ತಾರೆ. ಹೆಸರು, ತಂದೆ ಹೆಸರು, ಆಧಾರ್ ನಂಬರ್ ಎಲ್ಲ ತುಂಬಿದ್ವಿ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಹೇಳು ಅಂದೆ. ಸುಮ್ಮನೆ ಕೂತ.

"ಅಣ್ಣಾ, ಕೆಟಗರಿ ಕಾಲಂನಾಗ ಜಿಎಂ ಅಂತ ಹಾಕಿದ್ರ ನಡೀತೈತೇನು?"

"ಯಾಕೋ ತಮ್ಮಾ?"

"ನಿನ್ನೆ ಟಿವಿ ಡಿಬೇಟ್ ನೋಡಿದೆ ಅಣ್ಣಾ. ಮೀಸಲಾತಿ ಇನ್ನೂ ಎಷ್ಟು ವರ್ಷ ಅಂತ ಇತ್ತು. ನಮ್ಮ ಕಡಿಯವ್ರಿಗೆ ಉತ್ತರಾನ ಬರಲಿಲ್ಲ. ಅವ್ರು ಹೇಳೋದೂ ಖರೇ ಅನ್ನಿಸ್ತು. ಬ್ಯಾರೇದವ್ರ ಸೀಟು ನಾ ಯಾಕ ತಗೋಬೇಕು?"

ಬಂಧುಗಳೇ, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ತಾಸಿನ ಕಾರ್ಯಕ್ರಮ, ನಡುನಡುವೆ ಜಾಹೀರಾತು. ಅದು ಒಬ್ಬ ಹುಡುಗನ ಕೈಯಿಂದ ಸಂವಿಧಾನ ಕೊಟ್ಟ ಹಕ್ಕನ್ನು ಕಸ್ಕೊಳ್ಳೋ ಹಂತಕ್ಕೆ ತಂದಿತ್ತು. ಯಾರೂ ಬಡಿಗೆ ಹಿಡಿದು ಬರಲಿಲ್ಲ, ಬೈಯಲಿಲ್ಲ. ಬರೀ ಒಂದು ಪ್ರಶ್ನೆ ಕೇಳಿದ್ರು.

ಆ ಹುಡುಗನಿಗೆ ಆಮೇಲೆ ಏನು ಹೇಳಿದೆ ಅನ್ನೋದನ್ನ ಕೊನೆಗೆ ಬರೀತೀನಿ. ಮೊದಲು ಒಂದಿಷ್ಟು ಚರಿತ್ರೆ. ಯಾಕಂದ್ರೆ ಈ ಪ್ರಶ್ನೆಯ ಆಟ ಟಿವಿ ಬಂದ ಮೇಲೆ ಹುಟ್ಟಿದ್ದಲ್ಲ. ಚರ್ಚೆ ನೋಡುವಾಗ ನಾವು "ಯಾರು ಗೆದ್ರು" ಅಂತ ನೋಡ್ತೀವಿ. ಇಬ್ಬರ ಉತ್ತರ ತೂಗ್ತೀವಿ. ಆದರೆ ಯಾವ ಕಡೆಯ ಸಿದ್ಧಾಂತ ಗೆಲ್ಲಬೇಕು ಅನ್ನೋದು ಎಷ್ಟೋ ಸಲ ಉತ್ತರಕ್ಕಿಂತ ಮೊದಲೇ, ಪ್ರಶ್ನೆ ಬರೆದಾಗಲೇ ತೀರ್ಮಾನ ಆಗಿರುತ್ತೆ. ಇವತ್ತು ನನಗೆ ಹೇಳಬೇಕಾಗಿರೋದು ಇದೊಂದೇ.

*

ಬಾಬಾಸಾಹೇಬರಿಂದಲೇ ಶುರು ಮಾಡೋಣ. ಆಗ ನಮ್ಮ ರೋಣ ತಾಲ್ಲೂಕು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗೆ ಇತ್ತು. ಅಂದ್ರೆ ಅವರು ಮುಂಬೈ ಶಾಸನಸಭೆಯಲ್ಲಿ ಮಾತಾಡಿದ್ದು ನಮ್ಮ ಅಜ್ಜಂದಿರಿಗೂ ಸೇರಿದ ಮಾತು.

1931ರ ಆಗಸ್ಟ್ 14ರಂದು ಮುಂಬೈನ ಮಣಿಭವನದಲ್ಲಿ ಅಂಬೇಡ್ಕರ್ ಮತ್ತು ಗಾಂಧಿ ಮುಖಾಮುಖಿ ಕೂತರು. ಅದೇ ವರ್ಷ ಲಂಡನ್ನಿನ ಎರಡನೇ ದುಂಡುಮೇಜಿನ ಪರಿಷತ್ತಿನಲ್ಲಿ ಮತ್ತೆ ಎದುರಾದರು. ಇಬ್ಬರೂ ಮಾತಾಡಿದ್ದು ಅಸ್ಪೃಶ್ಯತೆ ಬಗ್ಗೆ. ಇಬ್ಬರೂ ಅದು ಹೋಗಬೇಕು ಅಂದವರೇ. ಮೇಲಿಂದ ನೋಡಿದ್ರೆ ಜಗಳ ಎಲ್ಲಿ ಬಂತು ಅನ್ನಿಸುತ್ತೆ. ಆದರೆ ಇಬ್ಬರ ಪ್ರಶ್ನೆ ಬೇರೆ ಬೇರೆ ಇತ್ತು. ಗಾಂಧೀಜಿಯವರ ಪ್ರಶ್ನೆ: ಸವರ್ಣ ಹಿಂದೂಗಳು ಈ ಪಾಪವನ್ನು ತೊಳೆದುಕೊಳ್ಳೋದು ಹೇಗೆ? ಬಾಬಾಸಾಹೇಬರ ಪ್ರಶ್ನೆ: ಅಸ್ಪೃಶ್ಯರ ಕೈಗೆ ಅಧಿಕಾರ ಬರೋದು ಹೇಗೆ? ಮೊದಲನೇ ಪ್ರಶ್ನೆಯಲ್ಲಿ ಕೆಲಸ ಮಾಡೋನು ಸವರ್ಣೀಯ, ನಾವು ಅವನ ಮನಸ್ಸು ಬದಲಾಗೋದನ್ನ ಕಾಯ್ತಾ ಕೂರೋರು. ಎರಡನೇ ಪ್ರಶ್ನೆಯಲ್ಲಿ ಕೆಲಸ ಮಾಡೋರು ನಾವೇ. ವಿಷಯ ಒಂದೇ ಆದರೂ ಪ್ರಶ್ನೆ ಬದಲಾದ ಕೂಡಲೇ ನಾವು ನಿಲ್ಲೋ ಜಾಗ ಬದಲಾಗುತ್ತೆ.

1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. ಸೆಪ್ಟೆಂಬರ್ 20ಕ್ಕೆ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಆ ದಿನದಿಂದ ದೇಶದ ಮುಂದೆ ಇದ್ದ ಪ್ರಶ್ನೆಯೇ ಬದಲಾಗಿಹೋಯ್ತು. "ಅಸ್ಪೃಶ್ಯರಿಗೆ ಅವರ ಪ್ರತಿನಿಧಿಯನ್ನ ಅವರೇ ಆರಿಸೋ ಹಕ್ಕು ಬೇಕಾ" ಅನ್ನೋದು ಹಿಂದಕ್ಕೆ ಸರೀತು. "ಗಾಂಧೀಜಿ ಉಳೀತಾರಾ ಇಲ್ವಾ" ಅನ್ನೋದು ಮುಂದೆ ಬಂತು. ಈ ಪ್ರಶ್ನೆಗೆ ಬಾಬಾಸಾಹೇಬರು ಏನು ಉತ್ತರ ಕೊಟ್ಟರೂ ಸೋಲೇ. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯ್ತು. 148 ಮೀಸಲು ಸ್ಥಾನ ಸಿಕ್ಕವು, ಪ್ರತ್ಯೇಕ ಮತಕ್ಷೇತ್ರ ಹೋಯ್ತು. ಆ ಒಪ್ಪಂದದ ಲಾಭ-ನಷ್ಟ ಬೇರೆ ಮಾತು. ನಾನು ಹೇಳ್ತಿರೋದು, ಪ್ರಶ್ನೆ ಬದಲಾಯಿಸಿದವರ ಕೈಗೆ ಜುಟ್ಟು ಸಿಕ್ತು.

ಅದೇ ಬಾಬಾಸಾಹೇಬರು ಎದುರಾಳಿಯ ಜೊತೆ ವಾದ ಮಾಡೋದು ಹೇಗೆ ಅಂತಲೂ ತೋರಿಸಿಕೊಟ್ರು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷತೆಗೆ ಕರೆದು, ಭಾಷಣದ ಕರಡು ನೋಡಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡ್ತು. ಅವರು ಭಾಷಣ ತಿದ್ದಲು ಒಪ್ಪಲಿಲ್ಲ. ತಮ್ಮ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದ್ರು. ಅದೇ 'ಜಾತಿ ವಿನಾಶ'. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಅದನ್ನ ಟೀಕಿಸಿ ಬರೆದ್ರು. 1937ರಲ್ಲಿ ಎರಡನೇ ಮುದ್ರಣ ಬಂದಾಗ ಬಾಬಾಸಾಹೇಬರು ಏನು ಮಾಡಿದ್ರು ಗೊತ್ತಾ? ಗಾಂಧೀಜಿಯವರ ಆ ಟೀಕೆಯನ್ನು ತಮ್ಮ ಪುಸ್ತಕದೊಳಗೇ ಸೇರಿಸಿ ಅಚ್ಚು ಹಾಕಿದ್ರು. ಅದರ ಮುಂದೆ ತಮ್ಮ ಉತ್ತರ ಇಟ್ರು. ಎದುರಾಳಿಯ ಮಾತು ನಮ್ಮ ಮನೆಯೊಳಗೇ ಇರಲಿ, ಓದೋನು ಎರಡೂ ಓದಿ ತೀರ್ಮಾನ ಮಾಡಲಿ ಅನ್ನೋ ಧೈರ್ಯ ಅದು. ಇವತ್ತು ಇನ್ನೊಬ್ಬರ ಮಾತು ಮುಗಿಯೋ ಮೊದಲೇ ಮೈಕ್ ಬಂದ್ ಮಾಡೋರು ಈ ಪುಸ್ತಕ ನೋಡಬೇಕು. ನಮ್ಮ ಹುಡುಗರೂ ನೋಡಬೇಕು. ವಿರೋಧಿ ಪೋಸ್ಟಿನ ಕೆಳಗೆ ಬರೀ ಬೈದು ಬರೋದು ಬಾಬಾಸಾಹೇಬರ ದಾರಿ ಅಲ್ಲ.

*

ಎರಡನೇದು ನಮ್ಮ ಕರ್ನಾಟಕದ್ದೇ ಕಥೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಇಟ್ಟಿದ್ದು 1973ರ ನವೆಂಬರ್ 1ಕ್ಕೆ. ಅದೇ ತಿಂಗಳು ಮೈಸೂರಿನಲ್ಲಿ, ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಒಂದು ಮಾತಾಡಿದ್ರು. ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ, ದಲಿತ ಹುಡುಗರು ಇಂಗ್ಲಿಷ್ ಕಲೀಬೇಕು ಅನ್ನೋ ಅರ್ಥದ್ದು. ಮಲ ಹೊರೋ ಪದ್ಧತಿ ನಿಲ್ಲಿಸಬೇಕು ಅಂತ ಅಧಿಕಾರದಲ್ಲಿ ಕೂತು ಹೊಡೆದಾಡಿದ ಮನುಷ್ಯ ಅವರು.

ನಮ್ಮ ಕಡೆ ಎಮ್ಮಿ ಕಟ್ಟಿದವರಿಗೆ ಬೂಸಾ ಅಂದ್ರೆ ಬೈಗುಳ ಅಲ್ಲ, ಹೈನ ಅದರ ಮೇಲೇ ನಡೆಯೋದು. ಆದರೆ ಅವತ್ತು ರಾಜ್ಯಕ್ಕೆ ಬೆಂಕಿ ಬಿತ್ತು. ಗಲಾಟೆ, ಮೆರವಣಿಗೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಕುವೆಂಪು ಅಂಥವರು ಬಸವಲಿಂಗಪ್ಪನವರ ಪರ ನಿಂತರೂ ಗಲಾಟೆ ತಣ್ಣಗಾಗಲಿಲ್ಲ. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯ್ತು.

ಆಗ ಕನ್ನಡದಲ್ಲಿ ನ್ಯೂಸ್ ಚಾನೆಲ್ ಅನ್ನೋದೇ ಇರಲಿಲ್ಲ. ಆದರೂ ಇವತ್ತು ರಾತ್ರಿ ಒಂಬತ್ತಕ್ಕೆ ನಡೆಯೋದೇ ಅವತ್ತೂ ನಡೀತು. ಬಸವಲಿಂಗಪ್ಪನವರು ಎತ್ತಿದ್ದು ಒಂದು ಪ್ರಶ್ನೆ: ಸಾವಿರ ವರ್ಷಕ್ಕೂ ಮಿಕ್ಕಿದ ಈ ಸಾಹಿತ್ಯದಲ್ಲಿ ಹೊಲೆಯ-ಮಾದಿಗರ ಬದುಕು ಎಷ್ಟು ಐತಿ, ಅದನ್ನ ಓದಿದ್ರೆ ನಮ್ಮ ಹುಡುಗನಿಗೆ ಏನು ಸಿಗುತ್ತೆ? ಜನರ ಮುಂದೆ ಇಟ್ಟಿದ್ದು ಬೇರೆ ಪ್ರಶ್ನೆ: ಈ ಮಂತ್ರಿ ಕನ್ನಡ ವಿರೋಧಿಯಾ? ಮೊದಲನೇ ಪ್ರಶ್ನೆ ಉಳಿದಿದ್ರೆ ಸಾಹಿತ್ಯ ಉತ್ತರ ಕೊಡಬೇಕಿತ್ತು. ಎರಡನೇದು ಬಂದ ಕಾರಣ ಬಸವಲಿಂಗಪ್ಪ ಉತ್ತರ ಕೊಡಬೇಕಾಯ್ತು. ಒಂದು ಶಬ್ದ ಹಿಡಿದು ಇಡೀ ಮಾತನ್ನ ನುಂಗಿಬಿಟ್ರು.

ಆದರೆ ಕಥೆ ಅಲ್ಲಿಗೆ ಮುಗೀಲಿಲ್ಲ. ಕುರ್ಚಿ ಹೋಯ್ತು, ಪ್ರಶ್ನೆ ಹೋಗಲಿಲ್ಲ. ಬೂಸಾ ಗಲಾಟೆಯ ಬೆನ್ನಲ್ಲೇ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಭದ್ರಾವತಿಯಿಂದ ದಲಿತ ಸಂಘರ್ಷ ಸಮಿತಿ ಎದ್ದಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ದೇವನೂರ ಮಹಾದೇವ ಬಂದ್ರು. ನಮ್ಮವರು "ನಾವು ಕನ್ನಡ ವಿರೋಧಿಗಳಲ್ಲ" ಅಂತ ಸರ್ಟಿಫಿಕೇಟ್ ತೋರಿಸ್ಕೊಂತ ಕೂರಲಿಲ್ಲ. ಬಸವಲಿಂಗಪ್ಪನವರ ಮೂಲ ಪ್ರಶ್ನೆಗೆ ತಾವೇ ಕನ್ನಡದಲ್ಲಿ ಉತ್ತರ ಬರೆದ್ರು. ಕನ್ನಡ ಸಾಹಿತ್ಯವೇ ಬದಲಾಯ್ತು.

*

ಈಗ ಸ್ವಲ್ಪ ದೂರ ಹೋಗೋಣ. ಟಿವಿಯಲ್ಲಿ ಬಂದ ಚರ್ಚೆಯಲ್ಲಿ ನಮ್ಮಂಥವರು ಗೆದ್ದ ಉದಾಹರಣೆ ಇದೆಯಾ ಅಂತ ಕೇಳಿದ್ರೆ ನಾನು 1965ರ ಫೆಬ್ರವರಿ 18 ಅಂತೀನಿ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಚರ್ಚಾಕೂಟ. ಒಂದು ಕಡೆ ಜೇಮ್ಸ್ ಬಾಲ್ಡ್‌ವಿನ್, ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ ಹುಟ್ಟಿದ ಕಪ್ಪು ಲೇಖಕ. ಇನ್ನೊಂದು ಕಡೆ ವಿಲಿಯಂ ಬಕ್ಲಿ, ಬಿಳಿಯರ ಬಲಪಂಥದ ದೊಡ್ಡ ಬುದ್ಧಿವಂತ, 'ನ್ಯಾಷನಲ್ ರಿವ್ಯೂ' ಪತ್ರಿಕೆಯ ಸಂಪಾದಕ. ಬಿಬಿಸಿ ಅದನ್ನ ಟಿವಿಯಲ್ಲಿ ತೋರಿಸ್ತು. ಈಗಲೂ ಯೂಟ್ಯೂಬಿನಲ್ಲಿ ಸಿಗುತ್ತೆ.

ನಾವ್ಯಾಕೆ ಇದನ್ನ ನೋಡಬೇಕು? ನಮಗೂ ಅವರಿಗೂ ನಂಟು ಹೊಸದಲ್ಲ. 1972ರಲ್ಲಿ ಮುಂಬೈನಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ತನ್ನ ಹೆಸರನ್ನ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದಲೇ ತಗೊಂಡಿದ್ದು.

ಅವತ್ತಿನ ಚರ್ಚೆಯ ವಿಷಯ ಏನಿತ್ತು ನೋಡಿ: ಅಮೆರಿಕದ ಕನಸು ಕಪ್ಪು ಜನರ ಖರ್ಚಿನಲ್ಲಿ ಆಗಿದೆಯೇ? "ಕಪ್ಪು ಜನ ಅಮೆರಿಕಕ್ಕೆ ಹೊರೆಯಾಗಿದ್ದಾರಾ" ಅಂತ ಇರಲಿಲ್ಲ. "ಅವರಿಗೆ ಇನ್ನೂ ಎಷ್ಟು ಸವಲತ್ತು ಕೊಡಬೇಕು" ಅಂತ ಇರಲಿಲ್ಲ. ಲೆಕ್ಕ ಕೊಡಬೇಕಾಗಿದ್ದು ಅಮೆರಿಕ. ಬಾಲ್ಡ್‌ವಿನ್ ಶುರುವಿನಲ್ಲೇ ಒಂದು ಮಾತು ಹೇಳ್ತಾರೆ. ಈ ಪ್ರಶ್ನೆಗೆ ನೀವು ಏನು ಉತ್ತರ ಕೊಡ್ತೀರಿ ಅನ್ನೋದು, ನೀವು ಲೋಕದಲ್ಲಿ ಎಲ್ಲಿ ನಿಂತಿದ್ದೀರಿ, ನಿಮಗೆ ಯಾವುದು ನಿಜ ಅನ್ನಿಸುತ್ತೆ ಅನ್ನೋದರ ಮೇಲೆ ಹೋಗುತ್ತೆ ಅನ್ನೋ ಅರ್ಥದ್ದು. ನಾವು ಸಿದ್ಧಾಂತ ಅಂತ ದೊಡ್ಡ ಶಬ್ದ ಬಳಸ್ತೀವಲ್ಲ, ಅದು ಇದೇ. ಮನುಷ್ಯ ಯೋಚನೆ ಮಾಡದೇ ನಿಜ ಅಂತ ನಂಬಿಕೊಂಡು ನಿಂತಿರೋ ನೆಲ.

ಆಮೇಲೆ ಬಾಲ್ಡ್‌ವಿನ್ ಹತ್ತಿ ಬಿಡಿಸಿದ್ದು, ರೈಲು ಹಳಿ ಹಾಕಿದ್ದು ಎಲ್ಲ ಹೇಳುವಾಗ "ನಮ್ಮ ಪೂರ್ವಜರು" ಅನ್ನಲ್ಲ, "ನಾನು" ಅಂತಾರೆ. ಪುಗಸಟ್ಟೆ ದುಡಿದವನು ನಾನು ಅಂತ. ರೋಣ, ಗಜೇಂದ್ರಗಡದ ಎರಿಹೊಲದಾಗ ಹತ್ತಿ ಬಿಡಿಸಿದ ಅವ್ವಂದಿರ ಮಕ್ಕಳು ಆ ಜಾಗ ಬಂದಾಗ ವಿಡಿಯೋ ನಿಲ್ಲಿಸಿ ಇನ್ನೊಮ್ಮೆ ನೋಡ್ರಿ.

ಬಕ್ಲಿ ಏನು ದಡ್ಡನಲ್ಲ. ಅವನ ವಾದವನ್ನೂ ನೆಟ್ಟಗೆ ಕೇಳಬೇಕು. ಅವನು ಅನ್ಯಾಯ ಆಗಿಲ್ಲ ಅನ್ನಲಿಲ್ಲ. ಆದರೆ ಅದಕ್ಕಾಗಿ ಇಡೀ ನಾಗರಿಕತೆಯನ್ನ ಕೆಡವಬೇಡಿ, ಅವಕಾಶ ಇದೆ, ಬೇರೆ ಜನಾಂಗಗಳು ಕಷ್ಟಪಟ್ಟು ಮೇಲೆ ಬಂದ ಹಾಗೆ ನೀವೂ ಬನ್ನಿ ಅನ್ನೋ ದಾಟಿಯಲ್ಲಿ ವಾದ ಮಾಡಿದ. ಕೇಳಿದ ಹಾಗೆ ಐತಲ್ಲ? "ಮೆರಿಟ್ ಇದ್ರೆ ಬರ್ರಿ" ಅನ್ನೋ ನಮ್ಮ ಟಿವಿಯ ಮಾತಿನ ಅಣ್ಣತಮ್ಮ ಅದು. ಅವತ್ತು ಮತಕ್ಕೆ ಹಾಕಿದಾಗ ಬಾಲ್ಡ್‌ವಿನ್ ಪರ 544, ವಿರುದ್ಧ 164. ಬಾಲ್ಡ್‌ವಿನ್ ಮಾತು ಬೆಂಕಿ ಹಂಗ ಇತ್ತು, ಒಪ್ತೀನಿ. ಆದರೆ ಆ ಬೆಂಕಿಗೆ ಒಲೆ ಹಾಕಿಕೊಟ್ಟಿದ್ದು ಪ್ರಶ್ನೆ. ಜೊತೆಗೆ ಇನ್ನೆರಡು ಸಂಗತಿ: ಅಡ್ಡಗಾಲು ಹಾಕದೇ ಮಾತು ಮುಗಿಸೋಕೆ ಸಮಯ ಇತ್ತು, ತೀರ್ಪು ಕೊಡೋರು ಎದುರಿಗೇ ಕೂತಿದ್ರು.

ಅದೇ ಬಕ್ಲಿಯನ್ನ ಮೂರು ವರ್ಷ ಬಿಟ್ಟು ನೋಡಿ. 1968ರ ಆಗಸ್ಟಿನಲ್ಲಿ ಅಮೆರಿಕದ ಎಬಿಸಿ ಟಿವಿ ಪಕ್ಷಗಳ ಸಮಾವೇಶದ ಸಮಯದಲ್ಲಿ ಅವನನ್ನೂ ಲೇಖಕ ಗೋರ್ ವಿಡಾಲ್‌ನನ್ನೂ ಹತ್ತು ಸಲ ಎದುರುಬದುರು ಕೂಡಿಸ್ತು. ವೀಕ್ಷಕರ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದ ಚಾನೆಲ್ ಅದು, ಜನ ಬೇಕಾಗಿತ್ತು. ಒಂದು ದಿನ ಒಬ್ಬ ಇನ್ನೊಬ್ಬನಿಗೆ ನಾಜಿ ಅಂದ, ಅವನು ತಿರುಗಿ ಹೊಲಸು ಬೈದು ಮುಖಕ್ಕೆ ಗುದ್ದುತೀನಿ ಅಂದ. ಜನ ಬಾಯಿ ಬಿಟ್ಕೊಂಡು ನೋಡಿದ್ರು. ಚಾನೆಲ್‌ಗೆ ಲಾಭ ಆಯ್ತು. ಇವತ್ತಿನ ಕೂಗಾಟದ ಡಿಬೇಟಿನ ಮೂಲ ಅಲ್ಲಿದೆ ಅಂತ ಬಲ್ಲವರು ಹೇಳ್ತಾರೆ. ಮನುಷ್ಯ ಅವನೇ, ಮೂರೇ ವರ್ಷದ ಅಂತರ. ಒಂದರಲ್ಲಿ ವಿಚಾರ ಉಳೀತು, ಇನ್ನೊಂದರಲ್ಲಿ ಬೈಗುಳ ಉಳೀತು. ಬದಲಾಗಿದ್ದು ಕೂಡಿಸಿದ ರೀತಿ, ಕೂಡಿಸಿದವರ ಉದ್ದೇಶ.

*

ನಮ್ಮ ಕನ್ನಡಕ್ಕೆ ಬರೋಣ. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾಯ್ತು. 1994ರಲ್ಲಿ ಉದಯ ಟಿವಿ ಬಂತು. 24 ತಾಸಿನ ಸುದ್ದಿ ಬಂದಿದ್ದು 2006ರಲ್ಲಿ ಟಿವಿ9 ಕನ್ನಡದಿಂದ. 2008ಕ್ಕೆ ಸುವರ್ಣ ನ್ಯೂಸ್, 2012ಕ್ಕೆ ಪಬ್ಲಿಕ್ ಟಿವಿ, ಆಮೇಲೆ ಸಾಲುಸಾಲು. 24 ತಾಸು ತುಂಬಬೇಕು ಅಂದ್ರೆ ಸುದ್ದಿ ಸಾಲಲ್ಲ. ಹಳ್ಳಿಗೆ ವರದಿಗಾರನನ್ನ ಕಳಿಸೋಕೆ ಗಾಡಿ, ಕ್ಯಾಮೆರಾ, ದಿನಗಟ್ಟಲೆ ಖರ್ಚು. ನಾಲ್ಕು ಜನರನ್ನ ಕುರ್ಚಿಯಲ್ಲಿ ಕೂಡಿಸೋದು ಅಗ್ಗ. ಹಂಗಾಗಿ ಡಿಬೇಟ್.

ಆ ಪ್ರಶ್ನೆ ಬರೆಯೋ ಕೋಣೆಯಲ್ಲಿ ಯಾರಿರ್ತಾರೆ? 1996ರಲ್ಲಿ ದೆಹಲಿಯ ಪತ್ರಕರ್ತ ಬಿ.ಎನ್. ಉನಿಯಾಲ್ ಅವರು ಒಬ್ಬ ದಲಿತ ಪತ್ರಕರ್ತನನ್ನ ಹುಡುಕಿಕೊಂಡು ಹೊರಟು, ಸಿಗಲಿಲ್ಲ ಅಂತ ಬರೆದ್ರು. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಲೆಕ್ಕ ತೆಗೆದ್ವು. ನೋಡಿದ 121 ಮೇಲಿನ ಹುದ್ದೆಗಳಲ್ಲಿ 106 ಸವರ್ಣೀಯರ ಕೈಯಲ್ಲಿ. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇಲ್ಲ. ಹಿಂದಿಯ 40, ಇಂಗ್ಲಿಷಿನ 47 ಡಿಬೇಟ್ ನಿರೂಪಕರಲ್ಲಿ ನಾಲ್ವರಲ್ಲಿ ಮೂವರು ಸವರ್ಣೀಯರು. ದಲಿತ, ಆದಿವಾಸಿ, ಹಿಂದುಳಿದವರು ಒಬ್ಬರೂ ಇಲ್ಲ. ಇದು ಹಿಂದಿ-ಇಂಗ್ಲಿಷಿನ ಲೆಕ್ಕ. ಕನ್ನಡದ ಲೆಕ್ಕ ನೀವೇ ಹಾಕ್ರಿ, ಇವತ್ತು ರಾತ್ರಿ ರಿಮೋಟ್ ಹಿಡಿದು ಕೂತು.

ಒಂದು ಮಾತು ಸ್ಪಷ್ಟ ಮಾಡ್ತೀನಿ. ನಿರೂಪಕರು ದಿನಾ ಎದ್ದು ನಮಗೆ ಕೆಡುಕು ಮಾಡಬೇಕು ಅಂತ ಹೊರಡ್ತಾರೆ ಅಂತ ನಾನು ಹೇಳ್ತಿಲ್ಲ. ಎಷ್ಟೋ ಜನ ಒಳ್ಳೆಯವರೇ. ಆದರೆ ಕೇರಿ ನೋಡದವರ ತಲೆಗೆ ಹೊಳೆಯೋ ಪ್ರಶ್ನೆ ಕೇರಿಯ ಹೊರಗಿನ ಪ್ರಶ್ನೆಯೇ ಆಗಿರುತ್ತೆ.

ನಾನೂ ಒಮ್ಮೆ ಈ ಬಲೆಗೆ ಬಿದ್ದೀನಿ. ಕೆಲವು ವರ್ಷದ ಹಿಂದೆ ಏಪ್ರಿಲ್ 14ಕ್ಕೆ ಒಂದು ಚಾನೆಲ್‌ನವರು ಫೋನಿನಲ್ಲಿ ಲೈವ್ ತಗೊಂಡ್ರು. "ಅಂಬೇಡ್ಕರ್ ಬರೀ ದಲಿತರ ನಾಯಕರಾ?" ಅಂತ ಕೇಳಿದ್ರು. ನಾನು ಗಡಿಬಿಡಿಯಾಗಿ "ಅಲ್ಲ ಸರ್, ಅವರು ಎಲ್ಲರ ನಾಯಕರು" ಅಂತ ಹೇಳ್ತಾ ಹೋದೆ. ನಲವತ್ತು ಸೆಕೆಂಡಿಗೆ ಲೈನ್ ಕಟ್. ಕೇರಿಯಲ್ಲಿ ಎಲ್ಲರೂ ಭೇಷ್ ಅಂದ್ರು. ಮಾರನೇ ದಿನ ಬಸ್ಸಿನಲ್ಲಿ ಆಫೀಸಿಗೆ ಹೋಗುವಾಗ ಹೊಳೀತು. ನೆಹರೂ ಜಯಂತಿಗೆ ಯಾರಾದ್ರೂ ಫೋನ್ ಮಾಡಿ "ನೆಹರೂ ಬರೀ ಪಂಡಿತರ ನಾಯಕರಾ" ಅಂತ ಕೇಳ್ತಾರಾ? ನಾನು ಅವತ್ತು ಒಳ್ಳೇ ಉತ್ತರ ಕೊಟ್ಟಿದ್ದೆ. ಆದರೆ ಉತ್ತರ ಕೊಟ್ಟಿದ್ದೇ ತಪ್ಪಾಗಿತ್ತು. "ಈ ಪ್ರಶ್ನೆ ಅವರೊಬ್ಬರ ಬಗ್ಗೆ ಮಾತ್ರ ಯಾಕೆ ಸರ್" ಅಂತ ಕೇಳಬೇಕಿತ್ತು.

*

ಈಗ ಹುಡುಗ ನೋಡಿದ ಪ್ರಶ್ನೆಗೆ ಬರ್ತೀನಿ. "ಮೀಸಲಾತಿ ಇನ್ನೂ ಎಷ್ಟು ವರ್ಷ?" ನಾಲ್ಕೇ ಶಬ್ದ. ಅದರೊಳಗೆ ಎಷ್ಟು ತೀರ್ಮಾನ ತುಂಬಿದ್ದಾರೆ ನೋಡ್ರಿ. ಒಂದು, ಮೀಸಲಾತಿ ಅನ್ನೋದು ಕೊಟ್ಟ ಸಾಲ, ಗಡುವು ಐತಿ. ಎರಡು, ಗಡುವು ಮುಗಿದೈತಿ. ಮೂರು, ಲೆಕ್ಕ ಹೇಳಬೇಕಾದವರು ತಗೊಂಡವರು. ನಾಲ್ಕು, ಜಾತಿ ಈಗ ಇಲ್ಲ, ಉಳಿದಿರೋದು ಮೀಸಲಾತಿ ಮಾತ್ರ. ಈ ನಾಲ್ಕನ್ನೂ ಯಾರೂ ಸಾಬೀತು ಮಾಡಿಲ್ಲ. ಪ್ರಶ್ನೆಯ ಹೊಟ್ಟೆಯೊಳಗೆ ಹಾಕಿ ಒಳಗೆ ತಂದುಬಿಟ್ರು. ನಮ್ಮ ಕಡೆಯವರು "ಇನ್ನೂ ಸ್ವಲ್ಪ ವರ್ಷ ಬೇಕು" ಅಂದ ಕೂಡಲೇ ನಾಲ್ಕಕ್ಕೂ ಹೂಂ ಅಂದ ಹಾಗಾಯ್ತು.

ನಿಜ ಏನು? ಹತ್ತು ವರ್ಷದ ಗಡುವು ಇದ್ದಿದ್ದು ಸಂವಿಧಾನದ 334ನೇ ವಿಧಿಯಲ್ಲಿ, ಲೋಕಸಭೆ ಮತ್ತು ವಿಧಾನಸಭೆ ಸ್ಥಾನಗಳಿಗೆ. ಅದನ್ನ ಸಂಸತ್ತು ಹತ್ತು ಹತ್ತು ವರ್ಷ ಮುಂದುವರಿಸ್ತಾ ಬಂದಿದೆ. ನೌಕರಿಯ 16(4), ಶಿಕ್ಷಣದ 15(4) ವಿಧಿಗಳಲ್ಲಿ ಗಡುವೇ ಇಲ್ಲ. ಎರಡನ್ನೂ ಕಲಸಿ "ಅಂಬೇಡ್ಕರ್ ಹತ್ತೇ ವರ್ಷ ಅಂದಿದ್ರು" ಅನ್ನೋದು ವಾಟ್ಸ್ಯಾಪಿನಾಗ ಓಡಾಡ್ತೈತಿ, ಟಿವಿಯಾಗೂ ಓಡಾಡ್ತೈತಿ.

ಇನ್ನೊಂದು ಪರೀಕ್ಷೆ ಮಾಡ್ರಿ. 2019ರ ಜನವರಿ 8ಕ್ಕೆ ಲೋಕಸಭೆ, 9ಕ್ಕೆ ರಾಜ್ಯಸಭೆ. ಎರಡು ದಿನದಲ್ಲಿ 103ನೇ ತಿದ್ದುಪಡಿ ಪಾಸಾಗಿ ಮೇಲ್ಜಾತಿಯ ಆರ್ಥಿಕ ದುರ್ಬಲರಿಗೆ ಶೇ. 10 ಮೀಸಲಾತಿ ಬಂತು. 2022ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟ್ 3-2ರಲ್ಲಿ ಅದನ್ನ ಎತ್ತಿಹಿಡೀತು. ಬಡವರಿಗೆ ನೆರವು ಬೇಡ ಅಂತ ನಾನು ಹೇಳ್ತಿಲ್ಲ. ನಾನು ಕೇಳೋದು ಇಷ್ಟೇ: ಆ ಶೇ. 10ರ ಬಗ್ಗೆ "ಇನ್ನೂ ಎಷ್ಟು ವರ್ಷ" ಅಂತ ಒಂದು ತಾಸಿನ ಚರ್ಚೆ ನೀವು ಯಾವಾಗ ನೋಡಿದ್ರಿ? "ಮೆರಿಟ್ ಎಲ್ಲಿ ಹೋಯ್ತು" ಅಂತ ಯಾರಾದ್ರೂ ಕೂಗಿದ್ರಾ? ಪ್ರಶ್ನೆ ಒಂದು ಕಡೆಗೆ ಮಾತ್ರ ಬೆರಳು ತೋರಿಸ್ತಿದ್ರೆ ಅದು ಪ್ರಶ್ನೆ ಅಲ್ಲ, ತೀರ್ಪು.

ನಮ್ಮ ಪಕ್ಕದ ಕೊಪ್ಪಳ ಜಿಲ್ಲೆ ಮರಕುಂಬಿಯದೇ ನೋಡಿ. 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಪ್ರಕರಣ. ಕ್ಷೌರದಂಗಡಿ, ಹೋಟೆಲಿಗೆ ಬಿಟ್ಟುಕೊಳ್ಳದ ಜಗಳ ಅದರ ಹಿಂದಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನರನ್ನ ಅಪರಾಧಿಗಳು ಅಂತು, 98 ಜನರಿಗೆ ಜೀವಾವಧಿ ವಿಧಿಸ್ತು. "ಜಾತಿ ಇನ್ನೂ ಎಷ್ಟು ವರ್ಷ?" ಅನ್ನೋ ಚರ್ಚೆಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿತ್ತಾ? ಆ ಹೆಸರಿನ ಚರ್ಚೆ ಎಷ್ಟು ನೋಡಿದ್ರಿ, ನೀವೇ ನೆನಪು ಮಾಡ್ಕೊಳ್ರಿ.

*

ಈಗ ನಮ್ಮದೇ ಮನೆಯ ಮಾತು. ಇದನ್ನ ಬರೆದ್ರೆ ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ.

ಒಳಮೀಸಲಾತಿ. 2005ರಲ್ಲಿ ಸದಾಶಿವ ಆಯೋಗ, 2012ರಲ್ಲಿ ವರದಿ. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 6-1ರಲ್ಲಿ ಒಳವರ್ಗೀಕರಣ ಸರಿ ಅಂತು. ಆಮೇಲೆ ನಾಗಮೋಹನ್ ದಾಸ್ ಆಯೋಗ, 2025ರ ಆಗಸ್ಟ್ 4ಕ್ಕೆ ವರದಿ. ಆಗಸ್ಟ್ 19ಕ್ಕೆ ಸಂಪುಟದ ತೀರ್ಮಾನ: 6, 6, 5. ಈ ಹಾದಿಗೆ ಮೂವತ್ತು ವರ್ಷದ ಹೋರಾಟ, ಪಾದಯಾತ್ರೆ, ಸಾವು-ನೋವು ಎಲ್ಲ ಐತಿ.

ಆ ತಿಂಗಳು ನಾನು ನೋಡಿದ ಚರ್ಚೆಗಳಲ್ಲಿ ಪ್ರಶ್ನೆ ಒಂದೇ: ಎಡಗೈ ಗೆದ್ದಿತಾ, ಬಲಗೈ ಗೆದ್ದಿತಾ? ಒಂದು ಕುರ್ಚಿಯಲ್ಲಿ ಎಡಗೈ ಅಣ್ಣ, ಎದುರು ಕುರ್ಚಿಯಲ್ಲಿ ಬಲಗೈ ಅಣ್ಣ, ನಡುವೆ ನಿರೂಪಕ. ನಮ್ಮವರು ನಮ್ಮವರ ಮೇಲೇ ಬೆರಳು ಮಾಡಿ ಕೂಗಾಡೋದನ್ನ ಊರಾಗಿನವರು ಚಹಾ ಕುಡೀತಾ ನೋಡಿದ್ರು. ಕೇಳಬೇಕಾದ ಪ್ರಶ್ನೆಗಳು ಬೇರೆ ಇದ್ವು. 101 ಜಾತಿಗಳಲ್ಲಿ ಒಂದೂ ಸರ್ಕಾರಿ ನೌಕರಿ ನೋಡದ ಮನೆಗಳು ಎಷ್ಟು? ತುಂಬದೇ ಬಿಟ್ಟ ಬ್ಯಾಕ್‌ಲಾಗ್ ಹುದ್ದೆ ಎಷ್ಟು? ಖಾಸಗಿ ಕಂಪನಿಯಲ್ಲಿ ನಮ್ಮ ಪಾಲೆಷ್ಟು? ಇನ್ನು 59 ಅಲೆಮಾರಿ ಸಮುದಾಯಗಳು. ಆಯೋಗ ಅವರಿಗೆ ಬೇರೆ ಶೇ. 1 ಹೇಳಿತ್ತು, ಸಂಪುಟ ಅವರನ್ನ ಶೇ. 5ರ ಗುಂಪಿನಲ್ಲಿ ಸೇರಿಸ್ತು. ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತ್ರು. ನಾನು ನೋಡಿದ ಚರ್ಚೆಗಳಲ್ಲಿ ಅವರಿಗೆ ಕುರ್ಚಿ ಕಾಣಲಿಲ್ಲ. ಎಡ-ಬಲ ಅನ್ನೋ ಪ್ರಶ್ನೆಯಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ನಾನು ಎಡಗೈಯೋ ಬಲಗೈಯೋ ಅಂತ ಕಾಮೆಂಟಿನಾಗ ಕೇಳಬ್ಯಾಡ್ರಿ. ಒಳಮೀಸಲಾತಿ ನ್ಯಾಯ ಅಂತ ನಂಬಿದವನು ನಾನು. ಆದರೆ ಅವರು ಬರೆದ ಪ್ರಶ್ನೆಗೆ ನಾವು ಕುಸ್ತಿ ಆಡಬಾರದು. ಬರೀ ಚಾನೆಲ್‌ನವರ ತಪ್ಪು ಅಂತ ಕೈ ತೊಳಕೊಳ್ಳೋಕೂ ಆಗಲ್ಲ. ಕುರ್ಚಿ ಸಿಕ್ಕ ಖುಷಿಯಲ್ಲಿ ಪ್ರಶ್ನೆ ಏನು ಅಂತ ಕೇಳದೇ ಹೋಗಿ ಕೂತವರು ನಾವೇ.

ಹಂಗಾದ್ರೆ ಟಿವಿಗೆ ಹೋಗೋದೇ ಬ್ಯಾಡ ಅಂತ ಕೆಲವು ಸಂಗಾತಿಗಳು ಹೇಳ್ತಾರೆ. ನಾನು ಒಪ್ಪಲ್ಲ. ನಾವು ಹೋಗದ ಕುರ್ಚಿಯಲ್ಲಿ ನಮ್ಮ ಹೆಸರು ಹೇಳ್ಕೊಂಡು ಬೇರೆ ಯಾರೋ ಕೂರ್ತಾರೆ. ಬಾಬಾಸಾಹೇಬರು ದುಂಡುಮೇಜಿಗೆ ಹೋಗದೇ ಇದ್ದಿದ್ರೆ ನಮ್ಮ ಪರ ಅಲ್ಲಿ ಯಾರು ಮಾತಾಡ್ತಿದ್ರು? ಆದರೆ ಅವರು ಹೋಗೋ ಮೊದಲೇ 1920ರಲ್ಲಿ 'ಮೂಕನಾಯಕ' ಶುರು ಮಾಡಿದ್ರು. ಇನ್ನೊಬ್ಬರ ವೇದಿಕೆಗೆ ಹೋಗು, ಆದರೆ ನಿನ್ನ ಪ್ರಶ್ನೆ ಬರೆಯೋಕೆ ನಿನ್ನದೇ ಹಾಳೆ ಇರಲಿ ಅನ್ನೋದು ಅದರ ಪಾಠ. ಈಗ ನಮ್ಮ ಕೈಯಾಗ ಫೋನ್ ಐತಿ. ಅದೇ ಹಾಳೆ.

*

ಇನ್ನು ಮೇಲೆ ಚರ್ಚೆ ನೋಡುವಾಗ ಒಂದು ನೋಟ್‌ಬುಕ್ ಇಟ್ಕೊಳ್ರಿ. ಐದು ಸಾಲು ಬರೀರಿ.

1. ಕೆಳಗೆ ಓಡೋ ಪಟ್ಟಿಯಲ್ಲಿ ಇರೋ ಪ್ರಶ್ನೆ ಏನು? ಸಾಬೀತಾಗದ ಯಾವ ಮಾತನ್ನ ಅದು ನಿಜ ಅಂತ ಇಟ್ಕೊಂಡೈತಿ?
2. ಆ ಪ್ರಶ್ನೆಗೆ ಲೆಕ್ಕ ಕೊಡಬೇಕಾದವರು ಯಾರು? ಅದನ್ನೇ ಎದುರಿನವರಿಗೆ ತಿರುಗಿಸಿ ಕೇಳಿದ್ರೆ ಹೇಗಿರುತ್ತೆ?
3. ಯಾರಿಗೆ ಕುರ್ಚಿ ಇಲ್ಲ?
4. ಯಾರಿಗೆ ಮಾತು ಮುಗಿಸೋಕೆ ಬಿಟ್ರು, ಯಾರನ್ನ ನಡುವೆ ತಡೆದ್ರು? ಗಡಿಯಾರ ನೋಡಿ ಬರೀರಿ.
5. ಎದುರಾಳಿಯ ವಾದವನ್ನ ಅವನೇ ಹೌದು ಅನ್ನೋ ಹಾಗೆ ನಾಲ್ಕು ಸಾಲಿನಲ್ಲಿ ಬರೀರಿ. ಆಮೇಲೆ ನಿಮ್ಮ ಉತ್ತರ. 'ಜಾತಿ ವಿನಾಶ'ದ ಎರಡನೇ ಮುದ್ರಣದ ಹಾಗೆ.

ಐದನೇದು ಕಷ್ಟ. ಆದರೆ ಅದನ್ನ ಬಿಡಬ್ಯಾಡ್ರಿ. ಎದುರಿನವರ ನೆಲ ಯಾವುದು ಅಂತ ಗೊತ್ತಾಗದೇ ಹೊಡೆದ ಏಟು ಗಾಳಿಗೆ ಹೋಗುತ್ತೆ.

*

ಆ ಹುಡುಗನ ಕಥೆ. ಮಾರನೇ ದಿನ ಅವನನ್ನ ಮತ್ತೆ ಕರೆದೆ. ಭಾಷಣ ಮಾಡಲಿಲ್ಲ. ಮೊದಲು ಗುಮಾಸ್ತನ ಹಾಗೆ ನಿಯಮ ಹೇಳಿದೆ. "ತಮ್ಮಾ, ಎಸ್‌ಸಿ ಅಂತ ಹಾಕಿದ್ರೂ ನಿನ್ನ ರ‍್ಯಾಂಕ್ ಚಲೋ ಬಂದ್ರ ನಿನಗ ಜಿಎಂ ಸೀಟಾ ಸಿಗತೈತಿ. ಜಿಎಂ ಅಂದ್ರ ಯಾರದೋ ಜಾತಿ ಸೀಟಲ್ಲ, ಎಲ್ಲರದು, ನಿಂದೂ ಹೌದು. ನೀ ಯಾರ ಸೀಟೂ ಕಸ್ಕೊಳ್ಳಾಕತ್ತಿಲ್ಲ." ಅವನಿಗೆ ಇದು ಗೊತ್ತೇ ಇರಲಿಲ್ಲ. ಒಂದು ತಾಸಿನ ಚರ್ಚೆಯಲ್ಲಿ ಒಬ್ಬರೂ ಹೇಳಿರಲಿಲ್ಲ.

ಆಮೇಲೆ ಒಂದೇ ಪ್ರಶ್ನೆ ಕೇಳಿದೆ. "ನಿಮ್ಮವ್ವ ಹತ್ತಿ ಬಿಡಿಸಾಕ ಹೋಗೋ ಹೊಲದಾಗ ನಿಮ್ಮದು ಎಷ್ಟು ಎಕರೆ?"

"ಒಂದೂ ಇಲ್ಲಣ್ಣಾ."

"ಯಾಕಿಲ್ಲ ಅಂತ ಟಿವಿಯಾಗ ಯಾರರ ಕೇಳಿದ್ರೇನು?"

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಬ್ಯಾಗಿನಿಂದ ಜಾತಿ ಪ್ರಮಾಣಪತ್ರ ತೆಗೆದು, ಆರ್‌ಡಿ ನಂಬರ್ ಒಂದೊಂದೇ ಅಂಕಿ ಓದಿದ. ನಾನು ಟೈಪ್ ಮಾಡಿದೆ.

ಬರೋ ಭಾನುವಾರ ಸಂಜೆ ನಮ್ಮ ಕೇರಿಯ ಸಮುದಾಯ ಭವನದಾಗ ಬಾಲ್ಡ್‌ವಿನ್ ವಿಡಿಯೋ ನೋಡೋರಿದ್ದೀವಿ. ನಿಲ್ಲಿಸಿ ನಿಲ್ಲಿಸಿ ಕನ್ನಡದಾಗ ಹೇಳೋ ಕೆಲಸ ಆ ಹುಡುಗನೇ ಒಪ್ಕೊಂಡಾನ. ಆಮೇಲೆ ಚರ್ಚೆ. ವಿಷಯ ಹುಡುಗರೇ ಬರೀತಾರ. ಹತ್ರದ ಊರಿನವ್ರು ಬರ್ರಿ. ನಮ್ಮ ವಿಚಾರ ಒಪ್ಪದವ್ರೂ ಬರ್ರಿ, ಮಾತು ಮುಗಿಸೋತನಕ ಯಾರೂ ಅಡ್ಡ ಬರಂಗಿಲ್ಲ. ದೂರದವ್ರು ಕಾಮೆಂಟಿನಾಗ ಒಂದೊಂದು ಪ್ರಶ್ನೆ ಬರೀರಿ. ಉತ್ತರ ಬ್ಯಾಡ, ಪ್ರಶ್ನೆ.

ಜೈ ಭೀಮ್.